ಮದುವೆಯೇ ಆಗಿಲ್ಲ ಅಂತಾರೆ, ಬಿಡುಗಡೆನೂ ಕೊಡಲ್ಲ

ಎರಡು ವಾರದ ಹಿಂದೆ ಒಂದು ಶನಿವಾರ ಬೆಳಿಗ್ಗೆ, ಇನ್ನೂ ಕಾಫಿ ಕೂಡ ಆಗಿರಲಿಲ್ಲ, ಬೆಂಗಳೂರಿನಿಂದ ಫೋನು. ಹಾಸನದಲ್ಲಿ ಹೈಸ್ಕೂಲಿನಿಂದ ಜೊತೆಗೆ ಓದಿದವನು. ಹೇಗಿದ್ದೀಯ, ಊಟ ಆಯ್ತಾ ಏನೂ ಇಲ್ಲ, ನೇರವಾಗಿ "ಲೇ, ನಿಂಗೆ ಟೊರಾಂಟೋದಲ್ಲಿ ಯಾರಾದ್ರೂ ಲಾಯರ್ ಗೊತ್ತೇನೋ?" ಅಂದ. ನಾನಿರೋದು ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ. ಟೊರಾಂಟೋ ಇಲ್ಲಿಂದ ಇಡೀ ದಿನದ ಡ್ರೈವು, ಮೇಲಾಗಿ ಬೇರೆ ದೇಶ. ಆದರೆ ಊರಲ್ಲಿರೋರಿಗೆ ನಾವೆಲ್ಲ "ಆ ಕಡೆ ಇರೋರು", ಒಂದೇ ಬೀದಿಯವರಿದ್ದ ಹಾಗೆ. ಇರಲಿ.

"ಯಾಕೋ, ಏನಾಯ್ತು?" ಅಂದೆ.

"ಡೈವೋರ್ಸ್ ಬೇಕಿತ್ತು ಕಣೋ."

ಇವನ ಮದುವೆ ಆಗಿದ್ದು 2015ರಲ್ಲಿ, ಟೊರಾಂಟೋದಲ್ಲಿ, ಇನ್ನೊಬ್ಬ ಹುಡುಗನ ಜೊತೆ. ಅವನೂ ಕನ್ನಡದವನೇ. ಇಬ್ಬರೂ ಆಗ ಅಲ್ಲೇ ಕೆಲಸದಲ್ಲಿದ್ದರು. ಮದುವೆಗೆ ನಾನು, ನನ್ನ ಹೆಂಡತಿ ಹೋಗಿದ್ದೆವು. ಸಿಟಿ ಹಾಲಿನಲ್ಲಿ ಇಪ್ಪತ್ತು ನಿಮಿಷದ ಶಾಸ್ತ್ರ, ಹತ್ತು ಹನ್ನೆರಡು ಜನ, ಆಮೇಲೆ ಯಾರದೋ ಅಪಾರ್ಟ್‌ಮೆಂಟಿನಲ್ಲಿ ಬಿಸಿಬೇಳೆ ಬಾತು. 2019ರಲ್ಲಿ ಇಬ್ಬರೂ ಬೆಂಗಳೂರಿಗೆ ವಾಪಸ್ ಹೋದರು. ಈಗ ಮೂರು ವರ್ಷದಿಂದ ಬೇರೆ ಬೇರೆ ಮನೆ. ಯಾರದು ತಪ್ಪು ಅನ್ನೋ ಪಂಚಾಯ್ತಿಗೆ ನಾನು ಹೋಗಲಿಲ್ಲ, ನೀವೂ ಕೇಳಬೇಡಿ.

ನಾನು ಮಾಡಿದ ತಪ್ಪು ಮಾತ್ರ ಹೇಳ್ತೀನಿ. ನಿದ್ದೆಗಣ್ಣಿನಲ್ಲಿ "ಅಯ್ಯೋ ಬಿಟ್ಟಾಕೋ, ಇಂಡಿಯಾದಲ್ಲಿ ಆ ಮದುವೆಗೆ ಬೆಲೆನೇ ಇಲ್ವಲ್ಲ, ಇನ್ನು ಡೈವೋರ್ಸ್ ಯಾಕೆ?" ಅಂದುಬಿಟ್ಟೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಯಾಕಂದ್ರೆ ಇದೇ ಮಾತನ್ನು ಹದಿನೆಂಟು ವರ್ಷದ ಹಿಂದೆ ಇದೇ ಊರಲ್ಲಿ ಇನ್ನೊಬ್ಬರಿಗೆ ಹೇಳಿ, ಅವರಿಂದ ಸರಿಯಾಗಿ ಪಾಠ ಹೇಳಿಸಿಕೊಂಡಿದ್ದೆ.

ಆ ಕಥೆ ಮೊದಲು ಹೇಳಿಬಿಡ್ತೀನಿ.

ರೋಡ್ ಐಲೆಂಡ್ ಅಂದ್ರೆ ಅಮೆರಿಕದ ಅತಿ ಚಿಕ್ಕ ರಾಜ್ಯ. ನಮ್ಮ ಕೊಡಗು ಜಿಲ್ಲೆಯಷ್ಟೂ ಇಲ್ಲ. ರಾಜಧಾನಿ ಪ್ರಾವಿಡೆನ್ಸ್‌ನಿಂದ ಕಾರಿನಲ್ಲಿ ಹೊರಟರೆ ಒಂದು ಹಾಡು ಮುಗಿಯೋದ್ರಲ್ಲಿ ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯ ಬಂದುಬಿಡುತ್ತೆ. ಆ ಮ್ಯಾಸಚೂಸೆಟ್ಸ್ 2004ರ ಮೇ 17ರಿಂದ ಸಲಿಂಗ ಜೋಡಿಗಳಿಗೆ ಮದುವೆ ಲೈಸೆನ್ಸ್ ಕೊಡೋಕೆ ಶುರು ಮಾಡಿತು, ಅಮೆರಿಕದಲ್ಲಿ ಮೊದಲನೇದು. ರೋಡ್ ಐಲೆಂಡಿನ ಕೆಲವರೂ ಗಡಿ ದಾಟಿ ಹೋಗಿ ಮದುವೆಯಾಗಿ ಬಂದರು. ನನ್ನ ಟೀಮಿನಲ್ಲಿದ್ದ ಹಿರಿಯ ಸಹೋದ್ಯೋಗಿ ಒಬ್ಬರು ಅಂಥವರಲ್ಲಿ ಒಬ್ಬರು. ಐವತ್ತು ದಾಟಿದ ಹೆಂಗಸು, ಮಾತು ಕಮ್ಮಿ, ಕೋಡ್ ರಿವ್ಯೂನಲ್ಲಿ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ.

2007ರ ಡಿಸೆಂಬರಿನಲ್ಲಿ ರೋಡ್ ಐಲೆಂಡಿನ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಚೇಂಬರ್ಸ್ ವರ್ಸಸ್ ಆರ್ಮಿಸ್ಟನ್ ಅಂತ ಆ ಕೇಸಿನ ಹೆಸರು. ಮ್ಯಾಸಚೂಸೆಟ್ಸ್‌ನಲ್ಲಿ 2004ರಲ್ಲಿ ಮದುವೆಯಾಗಿದ್ದ ಇಬ್ಬರು ಹೆಂಗಸರು ಇಲ್ಲಿನ ಫ್ಯಾಮಿಲಿ ಕೋರ್ಟಿಗೆ ಬಂದು ನಮಗೆ ವಿಚ್ಛೇದನ ಕೊಡಿ ಅಂತ ಕೇಳಿದ್ದರು. ಕೋರ್ಟು 3-2ರಲ್ಲಿ ಹೇಳಿದ್ದೇನು ಗೊತ್ತಾ? ಇಲ್ಲಿನ ಫ್ಯಾಮಿಲಿ ಕೋರ್ಟು ಹುಟ್ಟಿದ್ದು 1961ರ ಕಾಯ್ದೆಯಿಂದ. ಆ ಕಾಯ್ದೆಯಲ್ಲಿ ಬರೋ "ಮದುವೆ" ಅನ್ನೋ ಪದಕ್ಕೆ ಅವತ್ತು ಏನು ಅರ್ಥ ಇತ್ತು? ನ್ಯಾಯಾಧೀಶರು ಆ ಕಾಲದ ನಿಘಂಟು ತೆಗೆದು ನೋಡಿದರು. ಗಂಡು-ಹೆಣ್ಣು ಅಂತ ಇತ್ತು. ಹಾಗಾಗಿ ಈ ಇಬ್ಬರ ಅರ್ಜಿ ಕೇಳೋ ಅಧಿಕಾರ ಫ್ಯಾಮಿಲಿ ಕೋರ್ಟಿಗೆ ಇಲ್ಲ. ಮುಗೀತು.

ಮಾರನೇ ದಿನ ಆಫೀಸಿನಲ್ಲಿ ಇವರ ಮುಖ ನೋಡಬೇಕಿತ್ತು. ಇವರದೂ ಅದೇ ಪರಿಸ್ಥಿತಿ. ಇವರು ಮತ್ತು ಇವರ ಸಂಗಾತಿ ಜಗಳವಿಲ್ಲದೆ ಎಲ್ಲ ಮಾತಾಡಿಕೊಂಡಿದ್ದರು, ಮನೆ ಯಾರಿಗೆ, ಕಾರು ಯಾರಿಗೆ, ಬೆಕ್ಕು ಯಾರಿಗೆ. ಬೇಕಿದ್ದದ್ದು ಒಂದು ಸೀಲು ಮಾತ್ರ. ಆಗ ನಾನು ಹೊಸಬ, ಈ ದೇಶಕ್ಕೆ ಬಂದು ಎರಡು ವರ್ಷ. ನಿಜ ಹೇಳಬೇಕೆಂದರೆ ಇಬ್ಬರು ಹೆಂಗಸರ ಮದುವೆ ಅನ್ನೋದೇ ಅವತ್ತು ನನಗೆ ಅರಗದ ವಿಷಯ. ಸಮಾಧಾನ ಮಾಡೋ ಧಾಟಿಯಲ್ಲಿ, "ಈ ರಾಜ್ಯದ ಪ್ರಕಾರ ನಿಮಗೆ ಮದುವೆಯೇ ಆಗಿಲ್ಲ ಅಂದಮೇಲೆ ನೀವು ಆಗಲೇ ಫ್ರೀ ಅಲ್ವಾ?" ಅಂದೆ.

ಅವರು ಬೈಯಲಿಲ್ಲ. ವೈಟ್‌ಬೋರ್ಡ್ ಹತ್ತಿರ ಹೋಗಿ ಒಂದು ಗೆರೆ ಎಳೆದರು. ಈ ಕಡೆ ರೋಡ್ ಐಲೆಂಡ್, ಆ ಕಡೆ ಮ್ಯಾಸಚೂಸೆಟ್ಸ್. "ನಾನು ಈ ಗೆರೆ ದಾಟಿದ ತಕ್ಷಣ ಅವಳ ಹೆಂಡತಿ" ಅಂದರು. ಆ ಕಡೆ ಹೋಗಿ ಇನ್ನೊಬ್ಬರನ್ನು ಮದುವೆಯಾದರೆ ಅದು ಎರಡನೇ ಮದುವೆ, ಅಪರಾಧ. ಆ ಕಡೆ ಇವರ ಹೆಸರಿನಲ್ಲಿ ಆಸ್ತಿ ಇದ್ದು ಇವರು ಸತ್ತರೆ, ಬಿಟ್ಟುಹೋದ ಸಂಗಾತಿಗೂ ಪಾಲಿನ ಹಕ್ಕು. ಮ್ಯಾಸಚೂಸೆಟ್ಸ್‌ಗೇ ಹೋಗಿ ಡೈವೋರ್ಸ್ ತಗೊಳ್ಳೋಣ ಅಂದ್ರೆ, ಮದುವೆಗೆ ಒಂದು ಮಧ್ಯಾಹ್ನ ಸಾಕಾಗಿತ್ತು, ಡೈವೋರ್ಸ್‌ಗೆ ಅಲ್ಲೇ ವಾಸ ಮಾಡುತ್ತಿರಬೇಕು, ಸಾಮಾನ್ಯವಾಗಿ ಒಂದು ವರ್ಷ.

ಕೊನೆಗೆ ಅವರು ಅದನ್ನೇ ಮಾಡಿದರು. ಸ್ವಂತ ಮನೆ ಬಾಡಿಗೆಗೆ ಕೊಟ್ಟು, ಗಡಿಯಾಚೆ ಒಂದು ರೂಮು ಹಿಡಿದು, ಡ್ರೈವಿಂಗ್ ಲೈಸೆನ್ಸು, ಓಟರ್ ಲಿಸ್ಟು ಎಲ್ಲ ಬದಲಾಯಿಸಿ, ವರ್ಷಗಟ್ಟಲೆ ಅಲ್ಲಿಂದ ಆಫೀಸಿಗೆ ಓಡಾಡಿದರು. ಮದುವೆಗೋಸ್ಕರ ಊರು ಬಿಟ್ಟವರನ್ನು ನೋಡಿದ್ದೇನೆ, ವಿಚ್ಛೇದನಕ್ಕೋಸ್ಕರ ಊರು ಬಿಟ್ಟವರನ್ನು ಅವತ್ತೇ ಮೊದಲು ನೋಡಿದ್ದು.

ಮದುವೆ ನಮ್ಮಲ್ಲಿ ಸಲ್ಲದು ಅಂತ ಒಂದು ಸರ್ಕಾರ ಹೇಳಿದ ಮಾತ್ರಕ್ಕೆ ಆ ಇಬ್ಬರೂ ಬಿಡುಗಡೆ ಆಗೋದಿಲ್ಲ. ಇನ್ನೆಲ್ಲೋ ಆ ಗಂಟು ಹಾಗೇ ಇರುತ್ತೆ. ಇಲ್ಲಿ ಬಿಚ್ಚೋಕೆ ಕೈ ಇಲ್ಲ ಅಷ್ಟೇ. ಮತ್ತೆ ಈ ಅತಂತ್ರದಲ್ಲಿ ಯಾವಾಗಲೂ ಒದ್ದಾಡೋದು ಇಬ್ಬರಲ್ಲಿ ದುಡ್ಡು ಕಮ್ಮಿ ಇರೋರು, ಹೆಸರು ಕಾಗದದ ಮೇಲೆ ಇಲ್ಲದೋರು.

ಗಂಟು ಎಷ್ಟು ಗಟ್ಟಿ ಅನ್ನೋಕೆ ಒಂದು ಉದಾಹರಣೆ. ಪಕ್ಕದ ವರ್ಮಾಂಟ್ ರಾಜ್ಯ 2000ದಲ್ಲಿ "ಸಿವಿಲ್ ಯೂನಿಯನ್" ಅಂತ ಶುರು ಮಾಡಿತ್ತು. ಮದುವೆ ಅನ್ನೋ ಹೆಸರಿಲ್ಲದ ಮದುವೆ. ಒಬ್ಬಾತ ಅಲ್ಲಿ ಒಬ್ಬನ ಜೊತೆ ಯೂನಿಯನ್ ಮಾಡಿಕೊಂಡು, ಅದನ್ನು ಮುರಿಯದೇ, ಆಮೇಲೆ ಮ್ಯಾಸಚೂಸೆಟ್ಸ್‌ನಲ್ಲಿ ಇನ್ನೊಬ್ಬನನ್ನು ಮದುವೆಯಾದ. ಈ ಎರಡನೆಯದು ಡೈವೋರ್ಸ್‌ಗೆ ಬಂದಾಗ ಹಳೆಯದು ಹೊರಬಿತ್ತು. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಅತ್ಯುನ್ನತ ನ್ಯಾಯಾಲಯ, ಆ ಯೂನಿಯನ್ನೂ ಮದುವೆಗೆ ಸಮಾನವೇ, ಅದು ಜೀವಂತ ಇದ್ದಾಗ ಆದ ಮದುವೆ ಅಸಿಂಧು ಅಂದಿತು. ಎಷ್ಟು ಜನ "ಅದೇನು ಮದುವೆ ಅಲ್ಲವಲ್ಲ" ಅಂತ ಹಳೇ ಕಾಗದವನ್ನು ಟ್ರಂಕಿನ ತಳಕ್ಕೆ ಹಾಕಿ ಮರೆತಿದ್ದರೋ!

ಟೆಕ್ಸಾಸ್‌ನಲ್ಲಿ ನಡೆದದ್ದು ಇನ್ನೂ ತಮಾಷೆ. ತಮಾಷೆ ಅನುಭವಿಸಿದವರಿಗಲ್ಲ, ದೂರದಿಂದ ನೋಡೋರಿಗೆ. ಮ್ಯಾಸಚೂಸೆಟ್ಸ್‌ನಲ್ಲಿ ಮದುವೆಯಾಗಿ ಡಲ್ಲಾಸ್‌ಗೆ ಬಂದು ನೆಲೆಸಿದ್ದ ಇಬ್ಬರು ಗಂಡಸರು ವಿಚ್ಛೇದನ ಕೇಳಿದರು. 2009ರಲ್ಲಿ ಅಲ್ಲಿನ ನ್ಯಾಯಾಧೀಶೆ ಕೇಸು ಕೇಳೋಕೆ ಒಪ್ಪಿದರು. ಒಡನೆ ರಾಜ್ಯದ ಅಟಾರ್ನಿ ಜನರಲ್ ಗ್ರೆಗ್ ಅಬ್ಬಾಟ್ (ಮುಂದೆ ಗವರ್ನರ್ ಆದವರು) ಓಡಿಬಂದು ಅಡ್ಡ ನಿಂತರು. ವಾದ ಏನಂದ್ರೆ, ವಿಚ್ಛೇದನ ಕೊಟ್ಟರೆ ಮದುವೆ ಆಗಿತ್ತು ಅಂತ ಟೆಕ್ಸಾಸ್ ಒಪ್ಪಿಕೊಂಡ ಹಾಗಾಗುತ್ತೆ. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಯೋಚನೆ ಮಾಡಿ, ಈ ಇಬ್ಬರು ಗಂಡ-ಗಂಡ ಆಗಿರಬಾರದು ಅಂತ ಬಯಸೋ ಸರ್ಕಾರ, ಅವರೇ ಬಂದು "ನಾವು ಇನ್ನು ಗಂಡ-ಗಂಡ ಆಗಿರಲ್ಲ" ಅಂದರೆ ಬೇಡ ಅನ್ನುತ್ತೆ!

"ವಿಚ್ಛೇದನ ಬೇಡ, ಮದುವೆ ಅಸಿಂಧು ಅಂತ ಘೋಷಣೆ ಮಾಡಿಸಿಕೊಳ್ಳಿ, ಎರಡೂ ಒಂದೇ" ಅಂತ ಆಗ ಸಲಹೆ ಬಂತು. ಎರಡೂ ಒಂದೇ ಅಲ್ಲ. ವಿಚ್ಛೇದನ ಅಂದರೆ ಇತ್ತು, ಈಗ ಮುಗಿಯಿತು, ಇದ್ದಷ್ಟು ದಿನದ ಲೆಕ್ಕ ಮಾಡೋಣ. ಅಸಿಂಧು ಅಂದರೆ ಇರಲೇ ಇಲ್ಲ. ಇರಲೇ ಇಲ್ಲ ಅಂದಮೇಲೆ ಎಂಥ ಲೆಕ್ಕ, ಎಂಥ ಪಾಲು? ಮನೆ ಯಾರ ಹೆಸರಲ್ಲಿದೆಯೋ ಅವರದು. ಇನ್ನೊಬ್ಬರು ಹತ್ತು ವರ್ಷ ಕಂತು ಕಟ್ಟಿದ್ದರೂ ಬಾಡಿಗೆದಾರರಿಗಿಂತ ಕಡೆ.

ಆಸ್ಟಿನ್ನಿನ ಇನ್ನೊಂದು ಜೋಡಿಗೆ 2010ರಲ್ಲಿ ಕೆಳಗಿನ ಕೋರ್ಟು ವಿಚ್ಛೇದನ ಕೊಟ್ಟೂ ಬಿಟ್ಟಿತ್ತು. ರಾಜ್ಯ ಅದನ್ನು ಬಿಡದೆ ಟೆಕ್ಸಾಸ್ ಸುಪ್ರೀಂ ಕೋರ್ಟಿನ ತನಕ ಎಳೆಯಿತು. ಅಲ್ಲಿ ತೀರ್ಪು ಬಂದದ್ದು 2015ರ ಜೂನ್ 19ಕ್ಕೆ: ರಾಜ್ಯ ತಡವಾಗಿ ಬಂದಿದೆ, ಮೇಲ್ಮನವಿಯ ಹಕ್ಕಿಲ್ಲ. ಐದು ವರ್ಷ! ಸರಿಯಾಗಿ ಒಂದು ವಾರದ ನಂತರ, ಜೂನ್ 26ಕ್ಕೆ, ಅಮೆರಿಕದ ಸುಪ್ರೀಂ ಕೋರ್ಟು ಓಬರ್ಗೆಫೆಲ್ ಕೇಸಿನಲ್ಲಿ ಎಲ್ಲ ರಾಜ್ಯಗಳೂ ಸಲಿಂಗ ವಿವಾಹ ಮಾಡಿಸಬೇಕು, ಬೇರೆ ಕಡೆ ಆದದ್ದನ್ನು ಒಪ್ಪಬೇಕು ಅಂತ ಹೇಳಿತು. ಅವತ್ತು ಟೀವಿಯಲ್ಲೆಲ್ಲ ಮದುವೆಯಾಗೋರ ಸಂಭ್ರಮವನ್ನೇ ತೋರಿಸಿದರು. ಐವತ್ತು ರಾಜ್ಯಗಳಲ್ಲೂ ಡೈವೋರ್ಸ್ ಬಾಗಿಲು ತೆರೆದದ್ದೂ ಅದೇ ದಿನ ಅನ್ನೋದು ಯಾರಿಗೂ ಸುದ್ದಿ ಅನ್ನಿಸಲಿಲ್ಲ. ರೋಡ್ ಐಲೆಂಡ್ 2013ರಲ್ಲೇ ಕಾನೂನು ಬದಲಾಯಿಸಿಕೊಂಡಿತ್ತು, ನಮ್ಮ ಸಹೋದ್ಯೋಗಿಗೆ ತಡವಾಗಿ.

ದುಡ್ಡಿನ ವಿಷಯಕ್ಕೆ ಬರೋಣ. ಇಲ್ಲಿರೋ ಕನ್ನಡಿಗರಿಗೆ 401ಕೆ ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಊರಲ್ಲಿರೋರಿಗೆ, ನಿಮ್ಮ ಪಿಎಫ್ ಥರ ಅಂದುಕೊಳ್ಳಿ. ಡೈವೋರ್ಸ್ ಆದಾಗ ಒಬ್ಬರ 401ಕೆಯಿಂದ ಇನ್ನೊಬ್ಬರಿಗೆ ಪಾಲು ಕೊಡಲು ಕೋರ್ಟಿನ ಒಂದು ವಿಶೇಷ ಆದೇಶ ಇದೆ. ಅದಿದ್ದರೆ ದಂಡ ಇಲ್ಲದೆ ಹಣ ದಾಟುತ್ತೆ. ಆದರೆ 1996ರ ಡೋಮಾ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಕಣ್ಣಿಗೆ ಮದುವೆ ಅಂದರೆ ಗಂಡು-ಹೆಣ್ಣು ಮಾತ್ರ. ಹಾಗಾಗಿ ಮ್ಯಾಸಚೂಸೆಟ್ಸ್‌ನಲ್ಲಿ ರಾಜಾರೋಷವಾಗಿ ಮದುವೆಯಾಗಿ, ಅಲ್ಲೇ ಕ್ರಮಬದ್ಧವಾಗಿ ಡೈವೋರ್ಸ್ ಪಡೆದವರಿಗೂ ಈ ದಾರಿ ಇರಲಿಲ್ಲ. ಗಂಡ-ಹೆಂಡತಿ ಬೇರೆಯಾಗುವಾಗ ಮನೆ ಒಬ್ಬರಿಂದ ಒಬ್ಬರಿಗೆ ಹೋದರೆ ತೆರಿಗೆ ಇಲ್ಲ, ಇವರಿಗೆ ಆ ರಕ್ಷಣೆಯೂ ಇಲ್ಲ. 2013ರ ವಿಂಡ್ಸರ್ ತೀರ್ಪು ಡೋಮಾದ ಆ ಭಾಗವನ್ನು ಕಿತ್ತು ಹಾಕೋ ತನಕ ಹೀಗೇ ನಡೆಯಿತು.

ಎಲ್ಲ ಸರಿ ಹೋದ ಮೇಲೂ ಒಂದು ಮುಳ್ಳು ಉಳಿದಿದೆ, ಅದು ಕ್ಯಾಲೆಂಡರಿನದು. ಜೀವನಾಂಶ ಎಷ್ಟು ವರ್ಷ ಅನ್ನೋದು ಮದುವೆ ಎಷ್ಟು ವರ್ಷದ್ದು ಅನ್ನೋದರ ಮೇಲೆ ಹೋಗುತ್ತೆ. ಮಾಜಿ ಸಂಗಾತಿಯ ಲೆಕ್ಕದಲ್ಲಿ ಸೋಷಿಯಲ್ ಸೆಕ್ಯೂರಿಟಿ ಪಿಂಚಣಿ ಸಿಗಬೇಕಾದರೆ ಮದುವೆ ಹತ್ತು ವರ್ಷ ನಿಂತಿರಬೇಕು. 1990ರಿಂದ ಜೊತೆಗೆ ಬಾಳಿ, ಕಾನೂನು ಬಂದ ಮೇಲೆ 2015ರಲ್ಲಿ ಮದುವೆಯಾಗಿ, 2018ರಲ್ಲಿ ಬೇರೆಯಾದವರನ್ನು ತಗೊಳ್ಳಿ. ಬಾಳಿದ್ದು 28 ವರ್ಷ, ಕಾಗದದಲ್ಲಿ 3 ವರ್ಷ. ಒಬ್ಬರು ಕೆಲಸ ಬಿಟ್ಟು ಮನೆ, ಇನ್ನೊಬ್ಬರ ವಯಸ್ಸಾದ ತಾಯಿ ಎಲ್ಲ ನೋಡಿಕೊಂಡಿದ್ದರೆ ಆ 25 ವರ್ಷ ಯಾರ ಲೆಕ್ಕಕ್ಕೆ? "ಮೊದಲೇ ಯಾಕೆ ಮದುವೆಯಾಗಲಿಲ್ಲ?" ಅಂತ ಕೇಳೋಕೆ ಬರೋದಿಲ್ಲ, ಬಿಡದೇ ಇದ್ದದ್ದು ಅದೇ ಕಾನೂನು. ಮ್ಯಾಸಚೂಸೆಟ್ಸ್ ತರಹದ ಕಡೆ ಮದುವೆಗೆ ಮುಂಚಿನ ಸಹಬಾಳ್ವೆಯನ್ನೂ ಲೆಕ್ಕಕ್ಕೆ ತಗೊಳ್ಳೋ ಅವಕಾಶ ನ್ಯಾಯಾಧೀಶರಿಗಿದೆ. ಎಲ್ಲ ಕಡೆ ಇಲ್ಲ.

ಮಕ್ಕಳ ವಿಷಯ ಬರೆಯೋಕೆ ಕೂತರೆ ಇನ್ನೊಂದು ಇಷ್ಟೇ ಉದ್ದ ಆಗುತ್ತೆ. ಒಂದನ್ನು ಮಾತ್ರ ಹೇಳ್ತೀನಿ. ಅಲಬಾಮಾದ ಇಬ್ಬರು ಹೆಂಗಸರು, ಒಬ್ಬರು ಹೆತ್ತ ಮೂರು ಮಕ್ಕಳನ್ನು ಇನ್ನೊಬ್ಬರು 2007ರಲ್ಲಿ ಜಾರ್ಜಿಯಾ ಕೋರ್ಟಿನಲ್ಲಿ ದತ್ತು ತಗೊಂಡಿದ್ದರು. ಜೋಡಿ ಬೇರೆಯಾಯಿತು. ಮಕ್ಕಳನ್ನು ನೋಡೋಕೆ ಬಿಡಿ ಅಂತ ದತ್ತು ತಾಯಿ ಕೋರ್ಟಿಗೆ ಹೋದರೆ, ಅಲಬಾಮಾದ ಸುಪ್ರೀಂ ಕೋರ್ಟು 2015ರಲ್ಲಿ ಆ ದತ್ತನ್ನೇ ಒಪ್ಪಲಿಲ್ಲ. ಹೆಸರು ಹಿಡಿದು ಕೂಗೋ ಮಕ್ಕಳಿಗೆ ಇವಳು ಯಾರೂ ಅಲ್ಲ ಅಂತಾಯಿತು. 2016ರ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಇಲ್ಲಿ ಗಮನಿಸಬೇಕಾದ್ದು, "ನೀನು ತಾಯಿಯೇ ಅಲ್ಲ" ಅನ್ನೋ ಕಾನೂನಿನ ಕಲ್ಲನ್ನು ಎತ್ತಿ ಹೊಡೆದದ್ದು ಹೊರಗಿನ ಯಾವ ವಿರೋಧಿಯೂ ಅಲ್ಲ. ನಿನ್ನೆ ಮೊನ್ನೆಯ ತನಕ ಜೊತೆಗೇ ಇದ್ದವರು. ಜಗಳ ಬಂದಾಗ ಕೈಗೆ ಸಿಕ್ಕ ಕಲ್ಲನ್ನು ಯಾರೂ ಬಿಡೋದಿಲ್ಲ, ನಾವು ನೀವಾದರೂ ಅಷ್ಟೇ. ಕಲ್ಲು ಕೈಗೆ ಸಿಗದ ಹಾಗೆ ಇಡಬೇಕಾದ್ದು ಕಾನೂನಿನ ಕೆಲಸ.

ಈಗ ಕೆನಡಾ. ಅಲ್ಲೂ ಮೊದಲಿಗೆ ಇದೇ ಗೊಂದಲ. ಒಂಟಾರಿಯೋದಲ್ಲಿ 2003ರ ಜೂನಿನಲ್ಲಿ ಸಲಿಂಗ ಮದುವೆ ಬಂತು, ಆದರೆ ದೇಶದ ವಿಚ್ಛೇದನ ಕಾಯ್ದೆಯಲ್ಲಿ ದಂಪತಿ ಅಂದರೆ ಗಂಡು-ಹೆಣ್ಣು ಅಂತಲೇ ಇತ್ತು. ಮದುವೆಯಾದ ಕೆಲವೇ ದಿನದಲ್ಲಿ ಬೇರೆಯಾದ ಇಬ್ಬರು ಹೆಂಗಸರು ಕೋರ್ಟಿಗೆ ಹೋದ ಮೇಲೆ 2004ರಲ್ಲಿ ಆ ವ್ಯಾಖ್ಯೆ ಬಿತ್ತು. 2005ರಲ್ಲಿ ಇಡೀ ದೇಶಕ್ಕೆ ಕಾನೂನಾಯಿತು. ಹೊರದೇಶದವರೂ ಸಾವಿರಾರು ಜನ ಹೋಗಿ ಮದುವೆಯಾಗಿ ಬಂದರು, ಯಾಕಂದ್ರೆ ಮದುವೆಗೆ ವಾಸದ ನಿಯಮ ಇಲ್ಲ. ವಿಚ್ಛೇದನಕ್ಕೆ ಮಾತ್ರ ಒಂದು ವರ್ಷ ಅಲ್ಲಿ ವಾಸ ಬೇಕು. 2012ರ ಜನವರಿಯಲ್ಲಿ ಹೊರದೇಶದ ಒಂದು ಜೋಡಿ ವಿಚ್ಛೇದನ ಕೇಳಿದಾಗ ಸರ್ಕಾರದ ವಕೀಲರು "ನಿಮ್ಮ ದೇಶದಲ್ಲಿ ಇದು ಸಲ್ಲದ್ದರಿಂದ ಇಲ್ಲೂ ಇದು ಮದುವೆಯೇ ಅಲ್ಲ" ಅಂತ ವಾದಿಸಿಬಿಟ್ಟರು. ದೊಡ್ಡ ಗಲಾಟೆಯಾಯಿತು. ಕೊನೆಗೆ 2013ರಲ್ಲಿ ಹೊಸ ಕಾಯ್ದೆ ತಂದರು: ಕೆನಡಾದಲ್ಲಿ ಮದುವೆಯಾಗಿ, ಈಗ ಒಪ್ಪದ ದೇಶದಲ್ಲಿ ವಾಸವಾಗಿರೋರು, ಮದುವೆಯಾದ ಪ್ರಾಂತ್ಯದ ಕೋರ್ಟಿಗೇ ಅರ್ಜಿ ಹಾಕಬಹುದು. ಇಂಗ್ಲೆಂಡಿನಲ್ಲೂ ಇಂಥದ್ದೊಂದು ದಾರಿ ಇದೆ. ಇಂಗ್ಲೆಂಡಿನ ಇನ್ನೊಂದು ವಿಚಿತ್ರ ಗೊತ್ತಾ? 2014ರಿಂದ ಸಲಿಂಗ ಮದುವೆ ಇದ್ದರೂ, ಗಂಡ ಇನ್ನೊಬ್ಬ ಗಂಡಸಿನ ಜೊತೆ ಹೋದರೆ ಕಾನೂನಿನ ಪ್ರಕಾರ ಅದು ವ್ಯಭಿಚಾರ ಅಲ್ಲ, ಹೆಂಗಸಿನ ಜೊತೆ ಹೋದರೆ ಮಾತ್ರ! 2022ರಲ್ಲಿ ತಪ್ಪು ಹೊರಿಸದ ವಿಚ್ಛೇದನ ಬಂದ ಮೇಲೆ ಆ ತಲೆನೋವು ಹೋಯಿತು.

ನನ್ನ ಗೆಳೆಯನಿಗೆ ಇರೋದು ಈ ಕೆನಡಾದ ಬಾಗಿಲು ಒಂದೇ. ಫೋನ್ ಇಟ್ಟ ಮೇಲೆ ಆ ಕಾಯ್ದೆ ಓದಿದೆ. ಮೂರು ನಿಯಮ ಮುಖ್ಯ. ಒಂದು ವರ್ಷದಿಂದ ಬೇರೆ ಇರಬೇಕು, ಸರಿ. ಇಬ್ಬರೂ ಮದುವೆಯನ್ನು ಒಪ್ಪದ ದೇಶದಲ್ಲೇ ಒಂದು ವರ್ಷದಿಂದ ವಾಸ ಇರಬೇಕು, ಅದೂ ಸರಿ. ಮೂರನೆಯದು, ಇಬ್ಬರೂ ಸೇರಿ ಅರ್ಜಿ ಹಾಕಬೇಕು ಅಥವಾ ಇನ್ನೊಬ್ಬರ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದಿದ್ದರೆ "ವಿನಾಕಾರಣ ಒಪ್ಪಿಗೆ ತಡೆಹಿಡಿದಿದ್ದಾರೆ" ಅಂತಲೋ, "ಆ ವ್ಯಕ್ತಿ ಪತ್ತೆ ಇಲ್ಲ" ಅಂತಲೋ ಕೋರ್ಟಿನ ಆದೇಶ ತರಬೇಕು, ಕೆನಡಾದ ಆ ಕೋರ್ಟಿನದು ಅಥವಾ ವಾಸವಿರೋ ಊರಿನ ಕೋರ್ಟಿನದು. ಬೆಂಗಳೂರಿನ ಯಾವ ಕೋರ್ಟಿನ ಮುಂದೆ ನಿಂತು "ನನ್ನ ಗಂಡ ಸಹಿ ಹಾಕ್ತಿಲ್ಲ ಸ್ವಾಮಿ" ಅಂತ ಇವನು ಹೇಳಬೇಕು? ಹಾಗಾಗಿ ಡಾಲರ್ ಲೆಕ್ಕದಲ್ಲಿ ಫೀಸು ಕೊಟ್ಟು ಟೊರಾಂಟೋ ಲಾಯರೇ ಗತಿ. ಅಲ್ಲಿ ಸಿಗೋದೂ ವಿಚ್ಛೇದನದ ಕಾಗದ ಅಷ್ಟೇ. ಜೀವನಾಂಶ, ಆಸ್ತಿ ಪಾಲು ಆ ದಾರಿಯಲ್ಲಿ ಬರೋದಿಲ್ಲ.

ಆಸ್ತಿ ಅಂದಾಗ ನೆನಪಾಯ್ತು. ಕನಕಪುರ ರಸ್ತೆಯಲ್ಲಿ ಇಬ್ಬರೂ ಸೇರಿ ಒಂದು ಫ್ಲ್ಯಾಟ್ ಕೊಂಡಿದ್ದಾರೆ. ರಿಜಿಸ್ಟ್ರೇಷನ್ ಅವನೊಬ್ಬನ ಹೆಸರಲ್ಲಿ. ಇಬ್ಬರು ಗಂಡಸರ ಹೆಸರು ಒಟ್ಟಿಗೆ ಕಂಡರೆ ಮನೆಯವರು ಏನಂತಾರೋ ಅನ್ನೋ ಭಯ. ಕಂತಿನಲ್ಲಿ ಅರ್ಧ ಇವನದು. ಗಂಡ ತನ್ನ ದುಡಿಮೆಯಿಂದ ಹೆಂಡತಿಯ ಹೆಸರಲ್ಲಿ ಆಸ್ತಿ ಕೊಂಡರೆ ನಮ್ಮ ಬೇನಾಮಿ ಕಾಯ್ದೆ ಅದನ್ನು ಬೇನಾಮಿ ಅನ್ನೋದಿಲ್ಲ, ದಂಪತಿಗೆ ವಿನಾಯಿತಿ ಇದೆ. ಇವರು ಭಾರತದಲ್ಲಿ ದಂಪತಿ ಅಲ್ಲವಲ್ಲ! "ಹಣ ನನ್ನದು, ಹೆಸರು ಮಾತ್ರ ಅವನದು ಅಂತ ಕೋರ್ಟಿಗೆ ಹೇಳೋ ಮುಂಚೆ ಹತ್ತು ಸಲ ಯೋಚನೆ ಮಾಡಿ, ಬೇನಾಮಿ ಅಂತ ನಿಮ್ಮ ಮೇಲೇ ತಿರುಗಬಹುದು" ಅಂತ ಬೆಂಗಳೂರಿನ ವಕೀಲರು ಹೇಳಿದರಂತೆ. ಒಪ್ಪಂದಕ್ಕೆ ಬಂದು ಅವನೇ ದುಡ್ಡು ವಾಪಸ್ ಕೊಟ್ಟರೂ ಕಷ್ಟ. ಗಂಡ-ಹೆಂಡತಿ ನಡುವಿನ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಹೊರಗಿನವರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ಬಂದರೆ ತೆರಿಗೆ. ಎಂಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು ತೆರಿಗೆಯ ಪ್ರಕಾರ ಹೊರಗಿನವನು.

ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಿನಲ್ಲಿ 377ನೇ ಕಲಮಿನ ಹಗ್ಗ ಬಿಚ್ಚಿತು. 2023ರ ಅಕ್ಟೋಬರ್ 17ರಂದು ಸುಪ್ರಿಯೋ ಕೇಸಿನಲ್ಲಿ ಮದುವೆಯ ಹಕ್ಕು ಕೊಡೋಕೆ ಆಗಲ್ಲ, ಅದು ಸಂಸತ್ತಿನ ಕೆಲಸ ಅಂದಿತು. ಸಿವಿಲ್ ಯೂನಿಯನ್ ಕೂಡ 3-2ರಲ್ಲಿ ಬಿದ್ದುಹೋಯಿತು. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಆ ವಿಚಾರಣೆಯಲ್ಲಿ ಸರ್ಕಾರದ ಕಡೆಯಿಂದ ಬಂದ ಒಂದು ವಾದ ನನಗೆ ಇನ್ನೂ ನೆನಪಿದೆ. ವಿಶೇಷ ವಿವಾಹ ಕಾಯ್ದೆಯಲ್ಲಿ ಜೀವನಾಂಶ ಕೇಳೋ ಹಕ್ಕು ಹೆಂಡತಿಗೆ. ಇಬ್ಬರು ಗಂಡಸರಲ್ಲಿ ಹೆಂಡತಿ ಯಾರು? ಅಂದರೆ ವಿಚ್ಛೇದನ ಕೊಡಲು ಬರೋದಿಲ್ಲ, ಆದ್ದರಿಂದ ಮದುವೆ ಬೇಡ!

ಪ್ರಶ್ನೆ ಕೇಳೋಕೆ ಜಾಣತನದ್ದೇ. ಆದರೆ ಉತ್ತರ ಇಲ್ಲದ್ದೇನೂ ಅಲ್ಲ. ಕೆನಡಾ, ಮ್ಯಾಸಚೂಸೆಟ್ಸ್ ಎಲ್ಲೂ "ಹೆಂಡತಿ ಯಾರು" ಅಂತ ಹುಡುಕೋದಿಲ್ಲ. ಯಾರ ಸಂಪಾದನೆ ಎಷ್ಟು, ಯಾರು ಮನೆಗೋಸ್ಕರ ಕೆಲಸ ಬಿಟ್ಟರು, ಯಾರಿಗೆ ಅಗತ್ಯ ಇದೆ ಅಂತ ನೋಡುತ್ತಾರೆ. ನಮ್ಮಲ್ಲೇ ಹಿಂದೂ ವಿವಾಹ ಕಾಯ್ದೆ ಗಂಡನಿಗೂ ಜೀವನಾಂಶ ಕೇಳೋ ಅವಕಾಶ ಕೊಟ್ಟಿದೆ, ಅದು 1955ರದ್ದು. ಕಾನೂನು ಬರೆಯೋರಿಗೆ ಮನಸ್ಸಿದ್ದರೆ ಎರಡು ಸಾಲಿನ ತಿದ್ದುಪಡಿ.

ಇದನ್ನು ಓದುತ್ತಿರೋರಲ್ಲಿ ಸಲಿಂಗ ಮದುವೆಯೇ ತಪ್ಪು ಅನ್ನೋರು ಇದ್ದೀರಿ ಅಂತ ಗೊತ್ತು. ನನ್ನ ಚಿಕ್ಕಪ್ಪನೂ ಹಾಗೇ ಅನ್ನುತ್ತಾರೆ, "ನೋಡಿದ್ಯಾ, ಅಷ್ಟೆಲ್ಲ ಹೋರಾಡಿ ಮದುವೆಯಾದರು, ಈಗ ಡೈವೋರ್ಸ್ ಅಂತೆ" ಅಂತ ನಕ್ಕರು ಕೂಡ. ಹೌದು ಚಿಕ್ಕಪ್ಪ, ಎಲ್ಲರ ಹಾಗೆ ಅವರೂ ಜಗಳ ಆಡ್ತಾರೆ, ಬೇಸತ್ತು ಬೇರೆ ಆಗ್ತಾರೆ. ಮದುವೆ ಮಾಡಿಸೋ ವಿಷಯದಲ್ಲಿ ನಿಮ್ಮ ಜೊತೆ ಇವತ್ತು ವಾದಕ್ಕೆ ಬರಲ್ಲ. ಆದರೆ ಬೇರೆ ದೇಶದಲ್ಲಿ ಆಗಲೇ ಆಗಿಹೋದ ಒಂದು ಮದುವೆ, ಇಬ್ಬರು ಭಾರತದ ಪ್ರಜೆಗಳು, ಇಬ್ಬರೂ ಬೆಂಗಳೂರಿನಲ್ಲೇ ವಾಸ, ಆಸ್ತಿಯೂ ಅಲ್ಲೇ. ಬಿಡಿಸಿಕೊಡಿ ಅಂತ ಬಂದರೆ ನಮ್ಮ ಫ್ಯಾಮಿಲಿ ಕೋರ್ಟು "ಮೊದಲು ಗಂಡ-ಹೆಂಡತಿ ಆಗಿ ಬನ್ನಿ" ಅನ್ನಬೇಕಾ? ವಿಚ್ಛೇದನದ ಮಟ್ಟಿಗಾದರೂ, ಹೊರದೇಶದಲ್ಲಿ ಕಾನೂನುಬದ್ಧವಾಗಿ ಆದದ್ದನ್ನು ಮುಗಿಸಿಕೊಡೋ ಅಧಿಕಾರ ನಮ್ಮ ಕೋರ್ಟುಗಳಿಗೆ ಇರಬೇಕು ಅಂತ ನನ್ನ ವಾದ. ಇದರಿಂದ ಇನ್ನೊಂದು ಮದುವೆ ಹುಟ್ಟೋದಿಲ್ಲ. ಇರೋದೊಂದು ಮುಗಿಯುತ್ತೆ, ಅಷ್ಟೇ. ಅದಕ್ಕೂ ವಿರೋಧ ಅಂದರೆ ನೀವು ಟೆಕ್ಸಾಸ್‌ನ ಅಟಾರ್ನಿ ಜನರಲ್ ಪಕ್ಕ ನಿಂತ ಹಾಗೆ.

ಗೆಳೆಯನಿಗೆ ಈಗ ಯಾಕೆ ಅವಸರ ಅಂದ್ರೆ, ಯುರೋಪಿನಲ್ಲಿ ಒಂದು ಕೆಲಸ ಸಿಕ್ಕಿದೆ. ಅರ್ಜಿಯಲ್ಲಿ ವೈವಾಹಿಕ ಸ್ಥಿತಿ ಅಂತ ಒಂದು ಕಾಲಂ. ಒಂಟಿ ಅಂತ ಬರೆದರೆ ಆ ದೇಶದ ಕಣ್ಣಿಗೆ ಸುಳ್ಳು, ಕೆನಡಾದಲ್ಲಿ ದಾಖಲೆ ಇದೆ. ವಿವಾಹಿತ ಅಂತ ಬರೆದರೆ ಹೆಂಡತಿ ಹೆಸರೇನು ಅಂತ ಇಲ್ಲಿನ ಎಚ್‌ಆರ್ ಕೇಳುತ್ತೆ. ಇನ್ನೊಂದು ಪೇಚು ಅವನಿಗೆ ನಾನೇ ಓದಿ ಹೇಳಬೇಕಾಯ್ತು. ಅರ್ಜಿ ಹಾಕೋ ಮುಂಚೆ ಇವನು ಮದುವೆಯನ್ನು ಒಪ್ಪೋ ದೇಶಕ್ಕೆ ಹೊರಟುಬಿಟ್ಟರೆ, "ಇಬ್ಬರೂ ಒಪ್ಪದ ದೇಶದಲ್ಲಿರಬೇಕು" ಅನ್ನೋ ನಿಯಮ ತಪ್ಪಿಹೋಗಿ ಕೆನಡಾದ ಬಾಗಿಲೂ ಮುಚ್ಚುತ್ತೆ, ಅಲ್ಲಿ ಹೊಸದಾಗಿ ವಾಸದ ಲೆಕ್ಕ ಶುರು. ಕೇಳಿ ತುಂಬ ಹೊತ್ತು ಸುಮ್ಮನಿದ್ದ.

ಟೊರಾಂಟೋದಲ್ಲಿ ಒಬ್ಬ ವಕೀಲೆಯನ್ನು ಅಲ್ಲಿನ ಕನ್ನಡ ಗೆಳೆಯರೊಬ್ಬರು ಹುಡುಕಿಕೊಟ್ಟಿದ್ದಾರೆ. ಆಕೆ ಇಬ್ಬರ ಸಹಿಗೂ ಫಾರಂ ಕಳಿಸಿದ್ದಾರೆ. ಇವನದು ಆಗಿದೆ. ಅವನಿಗೆ ವಾಟ್ಸಾಪಿನಲ್ಲಿ ಕಳಿಸಿ ಒಂಬತ್ತು ದಿನ ಆಯ್ತಂತೆ, ಎರಡು ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.